ರಾತ್ರಿ 1ರಿಂದ ಹಿಂದಕ್ಕೆ ಎಣಿಸಿ: ಬೆಂಗಳೂರಲ್ಲಿ ಪಬ್‌ಗೆ, ಕ್ಲಬ್‌ಗೆ ಹೋಗೋ ಮುಂಚೆ

[ದೃಶ್ಯ: ಚರ್ಚ್ ಸ್ಟ್ರೀಟ್‌ನ ಕಲ್ಲುಹಾಸು. ಗಡಿಯಾರದಲ್ಲಿ 12.50. ಪಬ್ ಒಂದರ ಶಟರ್ ಅರ್ಧಕ್ಕೆ ಇಳಿದಿದೆ.]

ನಮಸ್ಕಾರ. ಬೆಂಗಳೂರಿನ ರಾತ್ರಿ ಬಗ್ಗೆ ಮಾತಾಡೋಕೆ ಹೊರಟರೆ ಮೊದಲು ಹೇಳಬೇಕಾದ್ದು 1 ಗಂಟೆಯ ಬಗ್ಗೆ. ಬಹಳ ವರ್ಷ ಇಲ್ಲಿ 11.30ಕ್ಕೇ ಎಲ್ಲಾ ಬಂದ್ ಆಗ್ತಿತ್ತು. 2014ರಲ್ಲಿ ವಾರಾಂತ್ಯಕ್ಕೆ ಮಾತ್ರ ಅಂತ 1 ಗಂಟೆವರೆಗೆ ಬಿಟ್ಟು ನೋಡಿದರು. 2024ರ ಸರ್ಕಾರಿ ಆದೇಶದಲ್ಲಿ ನಗರದ ಬಾರ್, ಪಬ್, ಕ್ಲಬ್, ಹೋಟೆಲ್‌ಗಳಿಗೆ ರಾತ್ರಿ 1ರವರೆಗೆ ಅಂತಾಯಿತು. ವೈನ್ ಸ್ಟೋರ್‌ಗೆ ಈ ಸಮಯ ಅನ್ವಯಿಸಲ್ಲ, ಅದು 10.30ಕ್ಕೇ ಮುಚ್ಚುತ್ತೆ.

1 ಗಂಟೆ ಅಂದರೆ ಬಾಗಿಲು ಹಾಕಿರಬೇಕಾದ ಸಮಯ. ಅಷ್ಟೊತ್ತಿಗೆ ಬಿಲ್ ಆಗಿ, ಜನ ಖಾಲಿಯಾಗಿ, ಶಟರ್ ಇಳಿದಿರಬೇಕು. ಹಾಗಾಗಿ ಸಾಮಾನ್ಯವಾಗಿ 12.15, 12.30ರ ಹೊತ್ತಿಗೇ "ಸಾರ್, ಲಾಸ್ಟ್ ಆರ್ಡರ್" ಅಂತ ಹುಡುಗ ಟೇಬಲ್ ಹತ್ತಿರ ಬರ್ತಾನೆ. ಅಡುಗೆಮನೆ ಅದಕ್ಕಿಂತ ಮುಂಚೆ ಮುಚ್ಚೋದೂ ಉಂಟು. 12.45ಕ್ಕೆ ದೀಪ ಹಾಕ್ತಾರೆ, ಹಾಡು ನಿಲ್ಲುತ್ತೆ.

ಬೇರೆ ಊರಿನ ರಾತ್ರಿ ನೋಡಿ ಬಂದವರು ಎಡವೋದು ಇಲ್ಲೇ. 10.30ಕ್ಕೆ ಮನೆ ಬಿಡ್ತಾರೆ. ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ, ಬಾಗಿಲ ಮುಂದಿನ ಕ್ಯೂನಲ್ಲಿ ಅರ್ಧ ಗಂಟೆ. ಒಳಗೆ ಹೋಗಿ ಗ್ಲಾಸ್ ಕೈಗೆ ಬರೋ ಹೊತ್ತಿಗೆ ಲಾಸ್ಟ್ ಆರ್ಡರ್. ಬಾಗಿಲಲ್ಲಿ ಮೊದಲೇ ಕೊಟ್ಟ ದುಡ್ಡು, ಅಂದ್ರೆ 'ಕವರ್', ಅಲ್ಲಿಗೆ ಹೋಯ್ತು. ಈ ಊರಲ್ಲಿ ರಾತ್ರಿ ಚೆನ್ನಾಗಿ ಕಳೀಬೇಕಂದ್ರೆ 1ರಿಂದ ಹಿಂದಕ್ಕೆ ಎಣಿಸಬೇಕು. ಕುಣಿಯೋಕೆ ಎರಡೂವರೆ ಗಂಟೆ ಬೇಕಾ? ಹಾಗಾದ್ರೆ 9.30ಕ್ಕೆ ಬಾಗಿಲ ಹತ್ತಿರ ಇರಿ. ಊಟ ಅದಕ್ಕೂ ಮುಂಚೆ, 8ಕ್ಕೆ.

[ದೃಶ್ಯ: ಬಾಗಿಲು. ಬೌನ್ಸರ್ ಕೈಯಲ್ಲಿ ಟಾರ್ಚ್, ಐಡಿ ಕಾರ್ಡ್ ಮೇಲೆ ಬೆಳಕು.]

ಬಾಗಿಲಲ್ಲಿ ಕೇಳೋದು 21 ವರ್ಷ. ಆಧಾರ್, ಡಿಎಲ್, ಪಾಸ್‌ಪೋರ್ಟ್, ಯಾವುದಾದ್ರೂ ಒಂದು ಒರಿಜಿನಲ್ ಇಟ್ಕೊಳ್ಳಿ. ಫೋನ್ ಗ್ಯಾಲರಿಯಲ್ಲಿರೋ ಫೋಟೊ ತೋರಿಸಿದ್ರೆ ಬಹಳ ಕಡೆ ಒಪ್ಪಲ್ಲ. ಗಂಡಸರ ಚಪ್ಪಲಿ, ಬರ್ಮುಡಾ ಕೂಡ ಕ್ಲಬ್‌ಗಳಲ್ಲಿ ತಕರಾರಿಗೆ ಬರುತ್ತೆ. ಬಿಯರ್ ಅಲ್ಲೇ ತಯಾರಿಸಿ ಕೊಡೋ ಮೈಕ್ರೊಬ್ರೂವರಿಗಳಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ.

ಬರೀ ಹುಡುಗರ ಗುಂಪು ಬಂದ್ರೆ ಅನೇಕ ಕ್ಲಬ್‌ಗಳು ವಾರಾಂತ್ಯದಲ್ಲಿ ಒಳಗೆ ಬಿಡಲ್ಲ, ಇಲ್ಲಾಂದ್ರೆ ಹೆಚ್ಚು ಕವರ್ ಕೇಳ್ತವೆ. ಇದಕ್ಕೆ 'ಸ್ಟ್ಯಾಗ್' ಅಂತಾರೆ. ನಮಗೆ ಈ ಪದ್ಧತಿ ಒಪ್ಪಿಗೆ ಇಲ್ಲ. ಕೆಲಸ ಮುಗಿಸಿ ಬಂದ ನಾಲ್ಕು ಗೆಳೆಯರನ್ನ ಬರೀ ಗಂಡಸರು ಅನ್ನೋ ಕಾರಣಕ್ಕೆ ರಸ್ತೆಯಲ್ಲಿ ನಿಲ್ಲಿಸೋದು ಸರಿಯಲ್ಲ. ಆದ್ರೆ ಸದ್ಯಕ್ಕೆ ಅದು ಇದೆ. ಮಧ್ಯಾಹ್ನವೇ ಫೋನ್ ಮಾಡಿ, ಎಷ್ಟು ಜನ, ಯಾರ್ಯಾರು ಅಂತ ಹೇಳಿ ಟೇಬಲ್ ಬುಕ್ ಮಾಡಿದ್ರೆ ಬಾಗಿಲಲ್ಲಿ ಜಗಳ ತಪ್ಪುತ್ತೆ. ಅದೇ ಫೋನ್‌ನಲ್ಲಿ ಇನ್ನೊಂದು ಕೇಳಿ: "ಗೆಸ್ಟ್‌ಲಿಸ್ಟ್ ಎಷ್ಟು ಗಂಟೆಗೆ ಮುಚ್ಚುತ್ತೆ?" ಮೊದಲೇ ಹೆಸರು ಕೊಟ್ಟು ಬಿಟ್ಟಿಯಾಗೋ ಕಡಿಮೆ ದುಡ್ಡಿಗೋ ಒಳಗೆ ಹೋಗೋರ ಪಟ್ಟಿ ಅದು. ಹೆಸರು ಲಿಸ್ಟ್‌ನಲ್ಲಿದ್ರೂ ಆ ಸಮಯ ದಾಟಿ ಹೋದ್ರೆ ಪೂರ್ತಿ ದುಡ್ಡು ಕೊಡಬೇಕಾಗುತ್ತೆ.

ಕವರ್ ಬೇರೆ, ಎಂಟ್ರಿ ಬೇರೆ. ಕವರ್ ಅಂದ್ರೆ ಕೊಟ್ಟ ದುಡ್ಡಿಗೆ ಒಳಗೆ ತಿನ್ನಬಹುದು, ಕುಡಿಯಬಹುದು. ಎಂಟ್ರಿ ಅಂದ್ರೆ ಒಳಗೆ ಬಿಟ್ಟಿದ್ದಕ್ಕೇ ದುಡ್ಡು, ವಾಪಸ್ ಏನೂ ಇಲ್ಲ. 2,000 ರೂಪಾಯಿ ಕೇಳಿದ್ರು ಅಂದ್ಕೊಳ್ಳಿ. ಆಗ ಕೇಳಬೇಕಾದ್ದು: ಪೂರ್ತಿ 2,000ವೂ ಕವರಾ? ತೆರಿಗೆ ಅದರೊಳಗೇ ಹೋಗುತ್ತಾ, ಹೊರಗಾ? ಊಟಕ್ಕೂ ನಡೆಯುತ್ತಾ, ಬರೀ ಡ್ರಿಂಕ್ಸ್‌ಗಾ? ಉಳಿದದ್ದು ಮಾರನೇ ದಿನಕ್ಕೆ ಬರಲ್ಲ. 12.20ಕ್ಕೆ ಕೈಗೆ ಕಟ್ಟಿದ ಕವರ್ ಬ್ಯಾಂಡ್‌ನಲ್ಲಿ ಇನ್ನೂ 900 ರೂಪಾಯಿ ಉಳಿದಿದೆ ಅಂತ ಒಂದೇ ಸಲಕ್ಕೆ ಮೂರು ಗ್ಲಾಸ್ ತರಿಸಿ ಗಟಗಟ ಕುಡಿಯೋರನ್ನ ಪ್ರತಿ ಶನಿವಾರ ನೋಡಬಹುದು. ವಾಂತಿ, ಜಗಳ ಶುರುವಾಗೋದು ಆಮೇಲೇ. ಕವರ್ ದುಡ್ಡನ್ನ ಮೊದಲೇ ಊಟಕ್ಕೆ ಹಾಕಿ.

ಬಿಲ್ ಬಂದಾಗ ಸರ್ವಿಸ್ ಚಾರ್ಜ್ ಸಾಲು ಹುಡುಕಿ. 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದನ್ನ ತಾನಾಗೇ ಬಿಲ್‌ಗೆ ಸೇರಿಸಬಾರದು ಅಂತ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ತೆಗೀರಿ ಅಂತ ಕೇಳಬಹುದು. ತೆಗೆಯದಿದ್ರೆ ಗ್ರಾಹಕ ಸಹಾಯವಾಣಿ 1915. ಮದ್ಯಕ್ಕೆ ಜಿಎಸ್‌ಟಿ ಬರಲ್ಲ. ಬಿಲ್‌ನಲ್ಲಿ ಊಟದ ಸಾಲು, ಮದ್ಯದ ಸಾಲು ಬೇರೆಬೇರೆ ಇವೆಯಾ ನೋಡಿ.

[ದೃಶ್ಯ: ಟೇಬಲ್ ಮೇಲೆ ನಾಲ್ಕು ಗ್ಲಾಸ್: ಸ್ಮಾಲ್, ಲಾರ್ಜ್, ಬಿಯರ್ ಮಗ್, ಉದ್ದನೆಯ ಕಾಕ್‌ಟೇಲ್.]

ಈಗ ಲೆಕ್ಕ. ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಜನ ಹೆಚ್ಚು ತಪ್ಪು ಮಾಡೋದು ಇಲ್ಲಿ.

ನಮ್ಮ ವಿಸ್ಕಿ, ರಮ್, ವೋಡ್ಕಾ ಬಾಟಲಿ ಮೇಲೆ 42.8% ಅಂತ ಇರುತ್ತೆ. 30 ಎಂಎಲ್ ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. 60ರ ಲಾರ್ಜ್‌ನಲ್ಲಿ 20 ಗ್ರಾಂ. "ಬರೀ ಬಿಯರ್ ತಾನೇ" ಅಂತೀವಲ್ಲ, ಮೈಕ್ರೊಬ್ರೂವರಿಯ 500 ಎಂಎಲ್ ಮಗ್, 5% ಇದ್ರೆ, ಅದರಲ್ಲೂ 20 ಗ್ರಾಂ. ಅಂದ್ರೆ ಒಂದು ಮಗ್ ಒಂದು ಲಾರ್ಜ್‌ಗೆ ಸಮ. 8%ನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿ ಮುಗಿಸಿದ್ರೆ 41 ಗ್ರಾಂ, ಎರಡು ಲಾರ್ಜ್ ದಾಟಿತು. ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಮೊದಲ ಸಲಕ್ಕೇ ಆರ್ಡರ್ ಮಾಡೋ ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಇದೆಯಲ್ಲ, ಅದರಲ್ಲಿ ಐದು ಬಗೆಯ ಮದ್ಯ ತಲಾ 15 ಎಂಎಲ್, ಒಟ್ಟು 75. ಕೋಲಾ, ನಿಂಬೆ ಸೇರಿರೋದ್ರಿಂದ ನಾಲಿಗೆಗೆ ಗೊತ್ತಾಗಲ್ಲ, ಅಷ್ಟೇ.

ಗಾಡಿ ಓಡಿಸೋರಿಗೆ ರಸ್ತೆ ನಿಯಮ ಹಾಕಿರೋ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. 70 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ಲಾರ್ಜ್ ಹಾಕಿದ್ರೆ ಸರಾಸರಿ ಲೆಕ್ಕದಲ್ಲಿ 42ರ ಹತ್ತಿರ ಹೋಗುತ್ತೆ. 55 ಕೆ.ಜಿ. ಹೆಂಗಸಿಗೆ ಅದೇ ಲಾರ್ಜ್ 66ರ ಆಸುಪಾಸು, ಯಾಕಂದ್ರೆ ತೂಕವೂ ಕಡಿಮೆ, ಮೈಯಲ್ಲಿ ನೀರಿನ ಪಾಲೂ ಕಡಿಮೆ. ಅಂದ್ರೆ "ಒಂದೇ ಒಂದು ಪೆಗ್" ಅನ್ನೋದೂ ಗೆರೆ ದಾಟಿಸುತ್ತೆ. ಇಳಿಯೋದು ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ. ಆ ಗಂಡಸು ಎರಡು ಲಾರ್ಜ್ ಹಾಕಿದ್ರೆ 30ಕ್ಕೆ ಇಳಿಯೋಕೇ ಮೂರೂವರೆ ಗಂಟೆ ಬೇಕು. ಮಜ್ಜಿಗೆ, ಬ್ಲ್ಯಾಕ್ ಕಾಫಿ, ನಿಂಬೆಹಣ್ಣು, ತಣ್ಣೀರು ಸ್ನಾನ, ಯಾವುದೂ ಇದನ್ನ ಬೇಗ ಮಾಡಲ್ಲ. ಲಿವರ್ ತನ್ನ ಗತಿಯಲ್ಲೇ ಕೆಲಸ ಮಾಡುತ್ತೆ.

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ರೆ ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ 15,000 ದಂಡ, ಎರಡು ವರ್ಷವರೆಗೆ ಜೈಲು, ಅಥವಾ ಎರಡೂ. ಗಾಡಿ ಅಲ್ಲೇ ಜಪ್ತಿ, ಆಮೇಲೆ ಕೋರ್ಟ್. ಇದಕ್ಕಿಂತ ದೊಡ್ಡದು ಹೊಸೂರು ರಸ್ತೆಯಲ್ಲೋ ರಿಂಗ್ ರೋಡಲ್ಲೋ ಎದುರಿಗೆ ಬರ್ತಿರೋ ಡೆಲಿವರಿ ಹುಡುಗನ ಜೀವ. ಗಾಡಿ ಮನೆಯಲ್ಲೇ ಬಿಟ್ಟು ಬನ್ನಿ. ತಂದಾಗಿದೆ ಅಂದ್ರೆ ಗಂಟೆ ಲೆಕ್ಕದ ಬಾಡಿಗೆ ಡ್ರೈವರ್‌ನ 11.30ಕ್ಕೇ ಬುಕ್ ಮಾಡಿ. 1 ಗಂಟೆಗೆ ಇಡೀ ಊರೇ ಕೇಳ್ತಿರುತ್ತೆ, ಸಿಗಲ್ಲ.

ಕುಡಿಯೋ ಮುಂಚೆ ಅನ್ನವೋ ರೊಟ್ಟಿಯೋ ತಿಂದಿರಿ. ಕಾಂಗ್ರೆಸ್ ಕಡಲೆಬೀಜ, ಪೀನಟ್ ಮಸಾಲ ಊಟದ ಜಾಗ ತುಂಬಲ್ಲ. ಪ್ರತಿ ಗ್ಲಾಸ್‌ಗೆ ಒಂದು ಲೋಟ ನೀರು. ಗ್ಲಾಸ್ ಬಿಟ್ಟು ಕುಣಿಯೋಕೆ ಹೋದ್ರೆ ವಾಪಸ್ ಬಂದು ಅದನ್ನೇ ಕುಡಿಯಬೇಡಿ, ಹೊಸದು ತಗೊಳ್ಳಿ.

ಜೊತೆಗಿದ್ದವರು ಎಚ್ಚರ ತಪ್ಪಿದ್ರೆ ಅಂಗಾತ ಮಲಗಿಸಬೇಡಿ. ವಾಂತಿ ಗಂಟಲಿಗೆ ಇಳಿದು ಉಸಿರು ಕಟ್ಟುತ್ತೆ. ಒಂದು ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ ತಂದು, ಕೈಯನ್ನ ಕೆನ್ನೆ ಕೆಳಗಿಟ್ಟು, ಬಾಯಿ ನೆಲದ ಕಡೆ ಇರೋ ಹಾಗೆ ಮಲಗಿಸಿ. ಕರೆದ್ರೆ ಏಳ್ತಿಲ್ಲ, ಉಸಿರು ನಿಧಾನ ಆಗಿದೆ, ತುಟಿ ನೀಲಿ ಆಗಿದೆ ಅಂದ್ರೆ ಆ ಕ್ಷಣವೇ 108. ಒಂಟಿಯಾಗಿ ಬಿಡಬೇಡಿ.

[ದೃಶ್ಯ: ಡ್ಯಾನ್ಸ್ ಫ್ಲೋರ್. ಮೂಲೆಯಲ್ಲಿ ಆಳೆತ್ತರದ ಸ್ಪೀಕರ್.]

ಕ್ಯೂನಲ್ಲಿ ನಿಂತ್ರೆ ಕನ್ನಡ, ತಮಿಳು, ತೆಲುಗು, ಮಲಯಾಳಂ, ಹಿಂದಿ, ಮಣಿಪುರಿ ಎಲ್ಲಾ ಕಿವಿಗೆ ಬೀಳೋ ಊರು ನಮ್ಮದು. ಹಾಗಾಗಿ ಪೋಸ್ಟರ್ ಓದಿ ಹೋಗಬೇಕು. 'ಕಮರ್ಷಿಯಲ್' ಅಂತಿದ್ರೆ ಹಿಂದಿ, ಪಂಜಾಬಿ, ಹಿಪ್‌ಹಾಪ್, ನಡುನಡುವೆ ದಕ್ಷಿಣದ ಹಾಡು. ಅಲ್ಲಿ ಕನ್ನಡ ಹಾಡು ಹಾಕಿ ಅಂತ ಕೇಳೋದಾದ್ರೆ 10.30ರೊಳಗೆ, ಹಾಡಿನ ಹೆಸರನ್ನ ಫೋನ್‌ನಲ್ಲಿ ದೊಡ್ಡದಾಗಿ ಟೈಪ್ ಮಾಡಿ ತೋರಿಸಿ. ಕೂಗಿದ್ರೆ ಡಿಜೆಗೆ ಕೇಳಿಸಲ್ಲ, ಹೆಡ್‌ಫೋನ್ ಇರುತ್ತೆ. ಕೇಳೋರು ಇದ್ರೆ ಹಾಕ್ತಾರೆ, ದಯವಿಟ್ಟು ಕೇಳಿ. ಟೆಕ್ನೋ, ಹೌಸ್ ಅನ್ನೋ ಎಲೆಕ್ಟ್ರಾನಿಕ್ ಸಂಗೀತದ ರಾತ್ರಿಗಳಲ್ಲಿ ಮಾತ್ರ ಇಂಥ ಹಾಡು ಹಾಕಿ ಅಂತ ಕೇಳೋ ಪದ್ಧತಿ ಇಲ್ಲ. ನಿಮಿಷಕ್ಕೆ 120ರಿಂದ 140 ಬೀಟ್‌ನ ಒಂದೇ ಹರಿವು ಅದು, ಮಧ್ಯೆ ಬೇರೆ ಹಾಡು ತುರುಕಿದ್ರೆ ಒಂದು ಗಂಟೆ ಕಟ್ಟಿದ್ದು ಕುಸಿಯುತ್ತೆ.

ಕೆಲವು ಪಬ್‌ನಲ್ಲಿ ಕುಣಿಯೋಕೆ ಎದ್ರೆ "ಕೂತ್ಕೊಳ್ಳಿ" ಅಂತಾರಲ್ಲ, ಅದಕ್ಕೆ ಲೈಸೆನ್ಸ್ ಕಾರಣ ಇರುತ್ತೆ. ಲೈವ್ ಮ್ಯೂಸಿಕ್, ನೃತ್ಯ ಇರೋ ಜಾಗಕ್ಕೆ ಮದ್ಯದ ಲೈಸೆನ್ಸ್ ಜೊತೆಗೆ ಪೊಲೀಸರ ಪರವಾನಗಿಯೂ ಬೇಕು ಅನ್ನೋ ಆದೇಶ 2005ರದ್ದು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಆ ಹುಡುಗನ ಮೇಲೆ ರೇಗಬೇಡಿ.

ಕಿವಿ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಅನ್ನೋದು ಕಾರ್ಖಾನೆ ಕೆಲಸಗಾರರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಅಳತೆ. ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಸಮಯ ಅರ್ಧ ಆಗ್ತಾ ಹೋಗುತ್ತೆ. 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಸ್ಪೀಕರ್ ಮುಂದಿನ ಜಾಗದಲ್ಲಿ 100 ಅಪರೂಪ ಅಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗೋ ಫೋಮ್ ಇಯರ್‌ಪ್ಲಗ್ ತಗೊಳ್ಳಿ. ಬೆರಳಲ್ಲಿ ಹೊಸೆದು ಬತ್ತಿ ಥರ ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನ ತಲೆ ಹಿಂದಿನಿಂದ ತಂದು ಕಿವಿ ಮೇಲ್ಭಾಗ ಎಳೆದು, ಪ್ಲಗ್ ಒಳಗೆ ತಳ್ಳಿ, ಅರಳೋವರೆಗೆ 30 ಸೆಕೆಂಡ್ ಒತ್ತಿ ಹಿಡೀರಿ. ಬಹಳ ಜನ ಹೊಸೆಯದೆ ಹಾಗೇ ಸಿಕ್ಕಿಸ್ತಾರೆ, ಏನೂ ತಡೆಯಲ್ಲ. ಮಾರನೇ ದಿನವೂ ಕಿವಿಯಲ್ಲಿ ಗುಂಯ್ ಅಂತಿದ್ರೆ ವೈದ್ಯರ ಹತ್ತಿರ ಹೋಗಿ.

[ದೃಶ್ಯ: ಇಂದಿರಾನಗರದ ಅಡ್ಡರಸ್ತೆ. ಕೆಳಗೆ ಮನೆಗಳು, ಪಕ್ಕದ ಕಟ್ಟಡದ ಟೆರೇಸ್‌ನಲ್ಲಿ ಬಣ್ಣದ ದೀಪ.]

ಈ ಸದ್ದಿಗೆ ಇನ್ನೊಂದು ಕಡೆಯೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಡಾವಣೆಗಳಿಗೆ ಮಿತಿ 45 ಡೆಸಿಬೆಲ್. ಮುಚ್ಚಿದ ಕಟ್ಟಡ ಬಿಟ್ಟು ಬೇರೆ ಕಡೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ಟೆರೇಸ್ ಪಬ್‌ಗಳಲ್ಲಿ 10 ಆದ್ಮೇಲೆ ಹಾಡು ತಗ್ಗೋದು ಇದಕ್ಕೇ. ಟೆರೇಸ್‌ನ ಗಾಳಿ ಬೇಕಿದ್ರೆ 7ರಿಂದ 10, ಆಮೇಲೆ ಕುಣಿಯೋಕೆ ಒಳಾಂಗಣದ ಜಾಗ. ಹೀಗೆ ಎರಡು ಜಾಗ ಜೋಡಿಸಿಕೊಳ್ಳೋದು ಒಳ್ಳೇ ಯೋಜನೆ, ಎರಡೂ ಒಂದೇ ಬಡಾವಣೆಯಲ್ಲಿ ಇದ್ರೆ ಮಾತ್ರ.

ಪಕ್ಕದ ಮನೆಯವರು "ಕಿಟಕಿ ಅದುರುತ್ತೆ" ಅಂದಾಗ ಪಬ್‌ನವರು ಮೀಟರ್ ತೋರಿಸಿ "ಮಿತಿಯೊಳಗೇ ಇದೆ" ಅಂತಾರೆ. ಇಬ್ಬರೂ ನಿಜ ಹೇಳ್ತಿರಬಹುದು. ನಿಯಮದ ಮೀಟರ್ ಕಿವಿಯ ಥರವೇ ತಗ್ಗು ಸ್ವರದ ಸದ್ದನ್ನ, ಅಂದ್ರೆ ಬೇಸ್ ಅನ್ನ, ಕಡಿಮೆ ಲೆಕ್ಕ ಹಾಕುತ್ತೆ. 63 ಹರ್ಟ್ಸ್‌ನ ಬೇಸ್ ಇದ್ರೆ 26 ಡೆಸಿಬೆಲ್ ಕಳೆದು ತೋರಿಸುತ್ತೆ. ಆ ಅಲೆಯ ಉದ್ದವೇ ಐದು ಮೀಟರ್‌ಗಿಂತ ಹೆಚ್ಚು, ತೆಳು ಗೋಡೆ, ಗಾಜಿನ ಬಾಗಿಲು ಅದನ್ನ ತಡೆಯಲ್ಲ. ಮಲಗಿರೋ ಮಗುವಿನ ಮಂಚಕ್ಕೆ ಬರೋದು ಹಾಡಿನ ಮಾತಲ್ಲ, ಬರೀ ಆ ದುಂ ದುಂ. ಸ್ಪೀಕರ್‌ನ ಗೋಡೆಯಿಂದ ಬಿಡಿಸಿ ರಬ್ಬರ್ ಮೇಲೆ ಕೂರಿಸೋದು, ಬಾಗಿಲಿಗೆ ಎರಡು ಪದರ ಹಾಕೋದು, 10ರ ನಂತರ ಬೇಸ್ ಇಳಿಸೋದು, ಇಷ್ಟನ್ನ ಪಬ್‌ನವರು ಮಾಡಲೇಬೇಕು. ಹೊರಗೆ ಬಂದ ಮೇಲೆ ಯಾರದೋ ಗೇಟ್ ಮುಂದೆ ನಿಂತು ಜೋರಾಗಿ ನಗೋದನ್ನ ನಾವು ಬಿಡಬೇಕು.

[ದೃಶ್ಯ: ಮೆಟ್ರೊ ಗೇಟ್ ಮುಚ್ಚಿದೆ. ರಸ್ತೆ ತುದಿಯಲ್ಲಿ ಆಟೊಗಳ ಸಾಲು.]

ಮನೆಗೆ ಹೋಗೋದು. ಮೆಟ್ರೊದ ಕೊನೇ ರೈಲುಗಳು ಹೊರಡೋದು 11 ಗಂಟೆ ಆಸುಪಾಸು, ಆದ್ದರಿಂದ 1 ಗಂಟೆಗೆ ಅದರ ಆಸೆ ಇಲ್ಲ. ಬರೋಕೆ ಮೆಟ್ರೊ, ಹೋಗೋಕೆ ಆಟೊ ಅಂತ ಮೊದಲೇ ದುಡ್ಡು ಎತ್ತಿಡಿ.

ಆಟೊ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು, ಅದೇ 'ಒನ್ ಅಂಡ್ ಹಾಫ್'. ಹತ್ತು ಕಿಲೋಮೀಟರ್ ಹೋಗಬೇಕು ಅಂದ್ರೆ 36ಕ್ಕೆ 144 ಸೇರಿ 180, ಒಂದೂವರೆ ಪಟ್ಟಿಗೆ 270. ಈ ಅಂಕಿ ತಲೆಯಲ್ಲಿದ್ರೆ 600 ಕೇಳಿದಾಗ ಎಲ್ಲಿಂದ ಚೌಕಾಸಿ ಶುರು ಮಾಡಬೇಕು ಅಂತ ಗೊತ್ತಾಗುತ್ತೆ. 'ಅಣ್ಣ' ಅಂತ ಕನ್ನಡದಲ್ಲೇ ಮಾತಾಡಿಸಿ, "ಮೀಟರ್ ಹಾಕಿ, ಒನ್ ಅಂಡ್ ಹಾಫ್ ಕೊಡ್ತೀನಿ" ಅನ್ನಿ. ಅವರೂ ವಾಪಸ್ ಖಾಲಿ ಬರಬೇಕಾಗುತ್ತೆ, ಮೇಲೆ 20, 30 ಕೊಟ್ರೆ ತಪ್ಪೇನಿಲ್ಲ.

ಕ್ಲಬ್ ಬಾಗಿಲ ಎದುರಲ್ಲೇ ಆ್ಯಪ್ ತೆರೀಬೇಡಿ. ಅಲ್ಲೇ ನೂರು ಜನ ಅದನ್ನೇ ಮಾಡ್ತಿರ್ತಾರೆ, ದರ ಏರಿರುತ್ತೆ, ಗಾಡಿ ಒಳಗೆ ಬರೋಕೂ ಆಗಲ್ಲ. ಇಂದಿರಾನಗರದ 12ನೇ ಮುಖ್ಯರಸ್ತೆಯಲ್ಲಿದ್ರೆ 100 ಅಡಿ ರಸ್ತೆಗೆ, ಚರ್ಚ್ ಸ್ಟ್ರೀಟ್‌ನಲ್ಲಿದ್ರೆ ಸೇಂಟ್ ಮಾರ್ಕ್ಸ್ ರಸ್ತೆ ಕಡೆಗೆ, ಗುಂಪಾಗಿ, ಬೆಳಕಿರೋ ಜಾಗದಲ್ಲೇ ನಡೀರಿ. ಹತ್ತೋ ಮುಂಚೆ ನಂಬರ್ ಪ್ಲೇಟ್ ಆ್ಯಪ್‌ನಲ್ಲಿರೋದಕ್ಕೆ ಹೊಂದುತ್ತಾ ನೋಡಿ, ಲೊಕೇಶನ್ ಒಬ್ಬರಿಗೆ ಕಳಿಸಿ. ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ 112. ಫೋನ್‌ನಲ್ಲಿ 20% ಚಾರ್ಜ್ ಉಳಿಸಿಕೊಂಡಿರಿ. ಅದು ಇಲ್ಲದಿದ್ರೆ ಆ್ಯಪ್ಪೂ ಇಲ್ಲ, ಯುಪಿಐಯೂ ಇಲ್ಲ, ಅದಕ್ಕೇ ಜೇಬಲ್ಲಿ 500 ರೂಪಾಯಿ ನಗದು, ಅದೂ ನೂರರ ನೋಟುಗಳಲ್ಲಿ.