ನೀರನ್ನು ಮನೆ ಬಾಗಿಲಿಗೆ ಕರೆತಂದ ಊರು

ಎಲ್ಲರಿಗೂ ನಮಸ್ಕಾರ. ರೇಡಿಯೋ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ ಕೂತಿದ್ದೀರಾ? ಒಳ್ಳೇದು. ನಾನು ಹೇಳಬೇಕಾಗಿರುವುದೂ ಸೊಪ್ಪು ತೊಳೆಯುವ ನೀರಿನ ಕಥೆಯೇ, ಆದರೆ ಊರು ಮಾತ್ರ ಚೀನಾದ್ದು.

ಹೆಸರು ಹೊಂಗ್‌ಚುನ್. ಆನ್‌ಹುಯಿ ಪ್ರಾಂತ್ಯದ ಬೆಟ್ಟದ ಬುಡದಲ್ಲಿದೆ. 1131ರಲ್ಲಿ ವಾಂಗ್ ಮನೆತನದವರು ಬಂದು ನೆಲೆ ನಿಂತ ಊರು. 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಹೋದವರೆಲ್ಲ ಬಿಳಿ ಗೋಡೆ, ಕಪ್ಪು ಹೆಂಚಿನ ಫೋಟೋ ತೆಗೆದುಕೊಂಡು ಬರುತ್ತಾರೆ. ಸ್ವಾಮಿ, ಗೋಡೆ ಬಿಡಿ, ನೀರು ನೋಡಿ!

ಈ ನೀರಿನ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ, ಹೂ ಚೊಂಗ್ ಅಂತ. ಸುಮಾರು 600 ವರ್ಷದ ಹಿಂದೆ, ಮಿಂಗ್ ದೊರೆಗಳ ಕಾಲ. ಗಂಡ ಸರ್ಕಾರಿ ಕೆಲಸದ ಮೇಲೆ ದೂರದಲ್ಲಿದ್ದ, ಊರಿನ ಉಸಾಬರಿ ಈಕೆಯ ತಲೆ ಮೇಲೆ. ಈಕೆ ಜಾಗದ ವಾಸ್ತು ನೋಡಬಲ್ಲವರನ್ನು ಕರೆಸಿದಳು, ಪಶ್ಚಿಮದ ಹೊಳೆಗೆ ಒಡ್ಡು ಹಾಕಿಸಿದಳು, ಅಲ್ಲಿಂದ ಕಾಲುವೆ ತೋಡಿಸಿ ಓಣಿ ಓಣಿಗೂ ನೀರು ಹರಿಸಿದಳು. ಊರ ನಡುವೆ ಒಂದು ಕೊಳ ಆಗಬೇಕಿತ್ತು. ಹಿರಿಯರೆಲ್ಲ ಹುಣ್ಣಿಮೆ ಚಂದ್ರನ ಹಾಗೆ ದುಂಡಗಿರಲಿ ಅಂದರಂತೆ. ಈಕೆ ಸುತಾರಾಂ ಒಪ್ಪಲಿಲ್ಲ. ಅರಳಿದ ಹೂವು ಉದುರುತ್ತೆ, ತುಂಬಿದ ಚಂದ್ರ ಸವೆಯುತ್ತಾನೆ, ಅರ್ಧವೇ ಇರಲಿ, ಇನ್ನೂ ತುಂಬೋದು ಬಾಕಿ ಇರುತ್ತಲ್ಲ ಅಂದಳು ಅಂತ ಊರಿನವರು ಇವತ್ತಿಗೂ ಹೇಳುತ್ತಾರೆ. ಕೊಳ ಈಗಲೂ ಅರ್ಧಚಂದ್ರವೇ. ಪಕ್ಕದ ಕುಲದ ಹಿರಿಯರ ಮಂದಿರದಲ್ಲಿ ಆಕೆಯ ಚಿತ್ರ ಇದೆ. ಗಂಡಸರದ್ದೇ ಕಾರುಬಾರಾಗಿದ್ದ ಅಂಥ ಜಾಗದಲ್ಲಿ ಹೆಂಗಸಿನ ಚಿತ್ರ! ಸುಮ್ನೆ ಸಿಗುವ ಮರ್ಯಾದೆ ಅಲ್ಲ ಅದು.

ಕಾಲುವೆ ಅಂದರೆ ಭಾರೀ ಏನಲ್ಲ, ಎರಡಡಿ ಅಗಲ, ಕಲ್ಲು ಕಟ್ಟಿದ್ದು, ಹೊಸಲು ದಾಟಿದರೆ ಕಾಲಿಗೇ ಸಿಗುತ್ತೆ. ಹಿಂದೆ ಬೆಳಗ್ಗೆ 8 ಗಂಟೆವರೆಗೆ ಕುಡಿಯೋಕೆ ಮಾತ್ರ ಮೊಗೆಯಬೇಕಿತ್ತು, ಸೊಪ್ಪು, ಬಟ್ಟೆ ಎಲ್ಲ ಆಮೇಲೆ. ಇದು ಊರಿನ ಹಳೇ ಕಟ್ಟಳೆ. ನೀರು ಒಂದೇ, ಹೊತ್ತು ಬೇರೆ, ಅಷ್ಟೇ! ಇಷ್ಟು ಸರಳ ವಿಷಯ ನಮ್ಮ ತಲೆಗೆ ಯಾಕೆ ಹೋಗಲ್ಲವೋ.

ಊರಿನವರ ಕಣ್ಣಿಗೆ ಇಡೀ ಊರು ಒಂದು ಎತ್ತು. ಬೆಟ್ಟ ತಲೆ, ಎರಡು ಹಳೇ ಮರ ಕೊಂಬು, ಕೊಳ ಹೊಟ್ಟೆ, ಕಾಲುವೆ ಕರುಳು. 1607ರಲ್ಲಿ ದಕ್ಷಿಣಕ್ಕೆ ಇನ್ನೊಂದು ಕೆರೆ ತೋಡಿದರು. ಆಗ ಎತ್ತಿಗೆ ಹೊಟ್ಟೆ ಎರಡಾಯಿತು!

ಉಪ್ಪಿನ ಸಾಹುಕಾರರೊಬ್ಬರು 1855ರಲ್ಲಿ ಕಟ್ಟಿಸಿದ ಮನೆಯ ಮರಗೆತ್ತನೆ ಬಗ್ಗೆಯೂ ಹೇಳೋಣ ಅಂತಿದ್ದೆ, ಬೆಂಕಿ ಹಬ್ಬದಿರಲಿ ಅಂತ ಎತ್ತರಿಸಿದ ಗೋಡೆಗಳ ಬಗ್ಗೆಯೂ. ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಆಯ್ತು. ಅಲ್ಲಿಗೆ ಹೋದರೆ ಎಂಟು ಗಂಟೆಗೆ ಮುಂಚೆ ಎದ್ದು ಕಾಲುವೆ ಪಕ್ಕ ನಿಂತುಕೊಳ್ಳಿ, ಫೋಟೋ ಆಮೇಲೆ. ನಮಸ್ಕಾರ.