ರಾಯಚೂರಿನ ಮೇ ತಿಂಗಳು, ತತ್ತಿ ಮಷೀನು

ನಮಸ್ಕಾರ. "ಅಣ್ಣಾ, ನಮ್ಮ ರಾಯಚೂರಲ್ಲಿ ಹೊರಗೇ 42 ಡಿಗ್ರಿ. ತತ್ತಿ ಮರಿ ಮಾಡೋಕೆ ಇದಕ್ಕಿಂತ ಒಳ್ಳೆ ಊರು ಬೇಕಾ?" ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ಸುಳ್ಳು ಯಾಕೆ, ಹೋದ ವರ್ಷ ನಾನೂ ಹಂಗೇ ಅಂದುಕೊಂಡಿದ್ದೆ. ಥರ್ಮಾಕೋಲ್ ಡಬ್ಬಿಯ ಇನ್‌ಕ್ಯುಬೇಟರ್ (ತತ್ತಿಗೆ ಕಾವು ಕೊಡುವ ಮಷೀನು) ತಂದು, ಮೇ ತಿಂಗಳಲ್ಲಿ 24 ಜವಾರಿ ತತ್ತಿ ಇಟ್ಟೆ. ಹೊರಗೆ ಬಂದದ್ದು 3 ಮರಿ.

ಫ್ಯಾನ್ ಇರುವ ಮಷೀನಿನಲ್ಲಿ ತತ್ತಿಗೆ ಬೇಕಾದದ್ದು 37.5 ಡಿಗ್ರಿ, 21 ದಿನ. ಅರ್ಧ ಡಿಗ್ರಿ ಕಡಿಮೆಯಾದರೆ ಮರಿ ಸ್ವಲ್ಪ ತಡವಾಗಿ ಬರುತ್ತದೆ. ಆದರೆ 40 ದಾಟಿ ಕೆಲವು ಗಂಟೆ ನಿಂತರೆ ಒಳಗಿನ ಜೀವಕ್ಕೇ ಕುತ್ತು. ಈ ಡಬ್ಬಿಗೆ ಬಿಸಿ ಮಾಡುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ನಾನು ಇಟ್ಟಿದ್ದು ತಗಡಿನ ಶೀಟಿನ ಕೆಳಗೆ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಬಲ್ಬ್ ಆರಿದೆ, ಮೀಟರ್ ಮಾತ್ರ 40.2 ತೋರಿಸುತ್ತಿದೆ! ಕೊನೆಯ ವಾರ ಇನ್ನೂ ಕಷ್ಟ. ಬೆಳೆದ ಮರಿಯ ಮೈಯಿಂದಲೂ ಕಾವು ಹೊರಡುತ್ತದೆ.

ಕರೆಂಟ್ ಹೋದರೆ ಡಬ್ಬಿಗೆ ಕೌದಿ ಹೊದಿಸಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಚಳಿ ಊರಿಗೆ ಸರಿ. ಇಲ್ಲಿ ಮೇ ತಿಂಗಳಲ್ಲಿ ಕೌದಿ ಹೊದಿಸಿದರೆ ಮರಿ ಅಲ್ಲ, ಬೇಯಿಸಿದ ತತ್ತಿ ಸಿಗುತ್ತದೆ.

ಮಷೀನಿನಲ್ಲಿ ಇಡುವ ಮೊದಲೇ ಕೆಡುವ ತತ್ತಿಗಳೂ ಇವೆ. ವಾರದ ತತ್ತಿ ಕೂಡಿಡುತ್ತೇವೆ ಅಲ್ವಾ? 35 ಡಿಗ್ರಿಯ ಅಡುಗೆಮನೆಯಲ್ಲಿ ಅದು ಆಗಲೇ ಅರೆಬರೆ ಬೆಳೆಯೋಕೆ ಶುರು ಮಾಡಿ ಸೊರಗುತ್ತದೆ. ಈಗ ನಾನು ನೀರಿನ ಗಡಿಗೆ ಪಕ್ಕ ಬುಟ್ಟಿ ಇಡುತ್ತೇನೆ, ಐದು ದಿನಕ್ಕಿಂತ ಹಳೆಯದು ಬೇಡ. (ಅಂಗಡಿಯ ಬಿಳಿ ತತ್ತಿ ಇಟ್ಟು ಕಾಯುವವರೂ ಇದ್ದಾರೆ. ಆ ತತ್ತಿ ಬರುವ ಫಾರಂನಲ್ಲಿ ಹುಂಜವೇ ಇರಲ್ಲ ರೀ, ಮರಿ ಎಲ್ಲಿಂದ ಬರಬೇಕು?)

ಒಣ ಗಾಳಿಯ ಕಥೆ ಬೇರೆ. ಕೊನೆಯ ಮೂರು ದಿನ ತತ್ತಿ ತಿರುಗಿಸಬಾರದು, ಡಬ್ಬಿಯೊಳಗಿನ ಗಾಳಿಯ ತೇವ ಶೇಕಡಾ 65ರಿಂದ 70 ಇರಬೇಕು. ನನ್ನ ನಾಲ್ಕು ಮರಿ ಚಿಪ್ಪು ಕುಕ್ಕಿ ತೂತು ಮಾಡಿದ್ದವು. ಒಳಪೊರೆ ಒಣಗಿ ಮೈಗೆ ಅಂಟಿಕೊಂಡು ಅಲ್ಲೇ ಸತ್ತವು. ಆವತ್ತು ಊಟ ಸೇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಇಲ್ಲಿ ಮಷೀನಿಗೆ ಒಳ್ಳೆ ಕಾಲ ನವೆಂಬರ್‌ನಿಂದ ಜನವರಿ. ಬೇಸಿಗೆಯಲ್ಲಿ ಮಾಡಲೇಬೇಕು ಅಂದರೆ ನೀರಿನ ಕೂಲರ್ ಇರುವ ಕೋಣೆಯಲ್ಲಿಡಿ. ತಂಪೂ ಸಿಗುತ್ತದೆ, ತೇವವೂ ಸಿಗುತ್ತದೆ. ಇಲ್ಲದಿದ್ದರೆ ಕಾವಿಗೆ ಕೂತ ಹೇಂಟೆ ಹುಡುಕಿ. ನಮ್ಮ ಅವ್ವ ಬುಟ್ಟಿಯ ಕೆಳಗೆ ಮರಳು ಹಾಸಿ, ದಿನಾ ಒಂದು ಚೊಂಬು ನೀರು ಚಿಮುಕಿಸುತ್ತಾಳೆ. ಸೆಕೆ ಜಾಸ್ತಿಯಾದರೆ ಹೇಂಟೆಯೇ ಎದ್ದು ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತದೆ. ಅದಕ್ಕೆ ಕಾವು ಹದದಲ್ಲಿಡುವ ಥರ್ಮೋಸ್ಟಾಟ್ ಯಾರು ಕೂಡಿಸಿದರೋ!

ಈ ಮೇ ತಿಂಗಳು ನನ್ನ ಡಬ್ಬಿ ಅಟ್ಟ ಸೇರಿದೆ. ಮೂಲೆಯ ಬುಟ್ಟಿಯಲ್ಲಿ ಅವ್ವನ ಕೆಂಪು ಹೇಂಟೆ 11 ತತ್ತಿ ಮೇಲೆ ಕೂತಿದೆ. ಇವತ್ತಿಗೆ ಒಂಬತ್ತು ದಿನ.