ದಾರ ಗಿಡ್ಡ ಮಾಡ್ರಿ, ಕಸೂತಿ ಬಿಡಬ್ಯಾಡ್ರಿ

ಎಲ್ಲರಿಗೂ ನಮಸ್ಕಾರ. ಮೊದಲು ಎಲ್ಲರೂ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದು, ಬೆನ್ನು ಆನಿಸಿ ಕೂತುಕೊಳ್ಳಿ. ಇವತ್ತಿನ ಮಾತು ಅಲ್ಲಿಂದಲೇ ಶುರು.

ಧಾರವಾಡದಲ್ಲಿ ನಿಂತು ಕಸೂತಿ ಅಂದರೇನು ಅಂತ ನಾನು ಹೇಳಬೇಕಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತಿ, ಈ ನಾಲ್ಕೂ ಹೊಲಿಗೆ ನಿಮ್ಮ ಬೆರಳಿಗೇ ಗೊತ್ತು. ಹೋದ ತಿಂಗಳು ಒಬ್ಬ ಅಕ್ಕ ತಮ್ಮ ದಾರದ ಡಬ್ಬಿ ತಂದು ನನ್ನ ಕೈಗಿಟ್ಟರು. “ನೀನ ಇಟ್ಕೊವಾ, ನನ್ನ ಭುಜ ಇನ್ನ ಏಳಂಗಿಲ್ಲ” ಅಂದರು. ನಲವತ್ತು ವರ್ಷ ಹೊಲಿದ ಕೈ ಅದು. ನನಗೆ ಅವತ್ತು ಊಟ ಸೇರಲಿಲ್ಲ. ಅದಕ್ಕೇ ಇಲ್ಲಿ ಬಂದು ನಿಂತಿದ್ದೇನೆ.

ನನ್ನ ಕಥೆಯೂ ಅದೇ. ತಂಗಿಯ ಮಗಳ ಮದುವೆಗೆ ಕಪ್ಪು ಚಂದ್ರಕಾಳಿ ಸೀರೆಯ ಸೆರಗು ಹೊಲಿಯೋಕೆ ಹಿಡಿದಿದ್ದೆ. ಗೋಪುರದ ಚಿತ್ರ ಮುಗಿದಿತ್ತು, ಆನೆ ಅಂಬಾರಿ ಅರ್ಧಕ್ಕೆ ಬಂದಿತ್ತು. ಬಲ ಭುಜ ಹಿಡಿದುಕೊಂಡಿತು. ತಲೆ ಬಾಚೋಕಾಗಲ್ಲ, ಬೆನ್ನ ಹಿಂದೆ ಕೈ ಹೋಗಲ್ಲ, ರಾತ್ರಿ ಆ ಮಗ್ಗುಲಾಗೋಕಾಗಲ್ಲ. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು, ಅಂದರೆ ಭುಜದ ಕೀಲು ಬಿಗಿದುಕೊಳ್ಳುವುದು. 40ರಿಂದ 60ರ ವಯಸ್ಸಿನಲ್ಲಿ ಇದು ಜಾಸ್ತಿ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ. ಮನೆಯವರೆಲ್ಲ “ಹೊಲಿಗೆ ಬಿಟ್ಟುಬಿಡು” ಅಂದರು. ಮೂರು ತಿಂಗಳು ಬಿಟ್ಟೆ. ನೋವು ಹೋಗಲಿಲ್ಲ, ಮಧ್ಯಾಹ್ನಗಳು ಮಾತ್ರ ಉದ್ದವಾದವು.

ಆಮೇಲೆ ಫಿಸಿಯೋಥೆರಪಿ ಮಾಡುವ ಹುಡುಗಿ ಒಂದು ದಿನ, “ಆಂಟಿ, ಹೆಂಗ ಹೊಲೀತೀರಿ, ಒಮ್ಮೆ ತೋರಿಸ್ರಿ” ಅಂದಳು. ಮಂಚದ ಮೇಲೆ ಕಾಲು ಮಡಚಿ ಕೂತು, ತೊಡೆ ಮೇಲಿನ ಬಟ್ಟೆಗೆ ಬಗ್ಗಿ ತೋರಿಸಿದೆ. ಅವಳು ಸೂಜಿ ನೋಡಲೇ ಇಲ್ಲ. ನನ್ನ ಮೊಣಕೈ ನೋಡುತ್ತಿದ್ದಳು. ಗಡಿಯಾರ ಇಟ್ಟುಕೊಂಡು ಎಣಿಸಿದಳು. ಐದು ನಿಮಿಷದಲ್ಲಿ 43 ಸಲ ನನ್ನ ತೋಳು ಭುಜದ ಮಟ್ಟಕ್ಕೆ ಎದ್ದಿತ್ತು! ನೂಲಿನ ಎಣಿಕೆ ಒಂದೂ ತಪ್ಪದ ನಾನು ಇದನ್ನು ಎಂದೂ ಎಣಿಸಿರಲಿಲ್ಲ.

ಯಾಕೆ ಏಳುತ್ತದೆ ಹೇಳಿ? ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ, ಹಿಂದೆ ಮುಂದೆ ಒಂದೇ ತರ ಕಾಣಬೇಕು. ಗವಂತಿಯಲ್ಲಿ ಒಂದು ಮನೆ, ಅಂದರೆ ಒಂದು ಹೊಲಿಗೆಯ ಜಾಗ, ಬಿಟ್ಟು ಒಂದು ಮನೆ ಹೋಗುತ್ತೇವೆ, ಅದೇ ದಾರಿಯಲ್ಲಿ ವಾಪಸು ಬಂದು ಬಿಟ್ಟ ಮನೆ ತುಂಬುತ್ತೇವೆ. ನಡುವೆ ದಾರ ಮುಗಿದರೆ ಮತ್ತೆ ಅದರ ತುದಿ ಅಡಗಿಸುವ ಕೆಲಸ. ಆ ತಾಪತ್ರಯ ಬೇಡ ಅಂತ ಎರಡು ಮಾರು ದಾರ ಪೋಣಿಸುತ್ತೇವೆ. ಆ ಉದ್ದದ ದಾರ ಎಳೆಯೋಕೆ ಪ್ರತಿ ಹೊಲಿಗೆಗೂ ಭುಜ ಏಳಲೇಬೇಕು. ದಾರವನ್ನು ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು ಕತ್ತರಿಸಿ. ಈಗ ಮಣಿಕಟ್ಟು, ಮೊಣಕೈ ಅಷ್ಟೇ ಆಡುತ್ತವೆ. ತುದಿಗಳು ಜಾಸ್ತಿ ಆಗುತ್ತವೆ, ನಿಜ. ಹೊಲಿದ ಹೊಲಿಗೆಯ ಒಳಗೇ ನಾಲ್ಕು ಮನೆ ನುಸುಳಿಸಿದರೆ ಯಾವ ಅತ್ತೆಗೂ ಕಾಣಲ್ಲ.

ಇನ್ನು ಹೆಬ್ಬೆರಳು. ಬೆರಳ ತುದಿಯಲ್ಲಿ 1 ಕಿಲೋ ಒತ್ತಿ ಹಿಡಿದರೆ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ. ಸೂಜಿ ಸಣ್ಣದಾದಷ್ಟೂ ಬಿಗಿಯಾಗಿ ಒತ್ತುತ್ತೇವೆ, ಅಲ್ವಾ? ಒಡೆದ ಬಲೂನಿನ ಒಂದು ಚೂರು ಸಾಕು. ಸೂಜಿ ಸಿಕ್ಕಿಕೊಂಡಾಗ ಅದರಿಂದ ಹಿಡಿದು ಎಳೆಯಿರಿ, ಹಗುರವಾಗಿ ಬರುತ್ತದೆ. ಹುಟ್ಟುಹಬ್ಬದ ಬಲೂನು ಒಡೆದರೆ ನಮ್ಮ ಮನೆಯಲ್ಲಿ ಮಗು ಅಳುತ್ತದೆ, ನಾನು ಖುಷಿಯಿಂದ ಓಡುತ್ತೇನೆ.

ಅಮೆರಿಕದ ಗ್ರಾಂಡ್‌ಮಾ ಮೋಸೆಸ್ ಹೆಸರು ಕೇಳಿರುತ್ತೀರಿ. 1860ರಲ್ಲಿ ಹುಟ್ಟಿದವರು. ಉಣ್ಣೆ ದಾರದಲ್ಲಿ ಚಿತ್ರ ಹೊಲಿಯುತ್ತಿದ್ದರು. ಕೀಲುನೋವಿಗೆ ಸೂಜಿ ಹಿಡಿಯೋದು ಕಷ್ಟವಾಗಿ, ಎಪ್ಪತ್ತು ದಾಟಿದ ಮೇಲೆ ಬಣ್ಣದ ಕುಂಚ ಹಿಡಿದು ಲೋಕಕ್ಕೆಲ್ಲ ಹೆಸರಾದರು. ಸಂತೋಷವೇ. ಆದರೆ ಅವರಿಗೆ ಆಗಲೇ ಯಾರಾದರೂ ದಾರ ಗಿಡ್ಡ ಮಾಡಿ ಕೊಟ್ಟಿದ್ದರೆ ಅನ್ನಿಸುತ್ತದೆ ನನಗೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ಬೇಗ ಹೇಳುತ್ತೇನೆ. ತೊಡೆ ಮೇಲೆ ದಿಂಬು, ದಿಂಬಿನ ಮೇಲೆ ಬಟ್ಟೆ. ಕಣ್ಣ ಹತ್ತಿರಕ್ಕೆ ಕೆಲಸ ಬರಲಿ, ಕುತ್ತಿಗೆ ಬಗ್ಗೋದು ಬೇಡ. 20 ನಿಮಿಷಕ್ಕೆ ಅಲಾರಂ ಇಡಿ, ಎದ್ದು ನೀರು ಕುಡಿಯಿರಿ. ನೂಲು ಎಣಿಸೋದು ಕಷ್ಟವಾದರೆ ಸುಮ್ನೆ ಎಳೆ ದಪ್ಪಗೆ ಕಾಣುವ ಮ್ಯಾಟಿ ಬಟ್ಟೆ ತಗೊಳ್ಳಿ, ಅದರಲ್ಲಿ ಅವಮಾನ ಏನೂ ಇಲ್ಲ. ಸ್ವೆಟರ್ ಹೆಣೆಯುವವರು ಸರ್ಕ್ಯುಲರ್ ಕಡ್ಡಿ, ಅಂದರೆ ನಡುವೆ ಬಾಗುವ ಎಳೆಯಿಂದ ಜೋಡಿಸಿದ ಎರಡು ಕಡ್ಡಿ, ತಗೊಂಡರೆ ಭಾರವೆಲ್ಲ ತೊಡೆ ಮೇಲೆ ಕೂರುತ್ತದೆ. ಬೆರಳು ಜೋಮು ಹಿಡಿದರೆ, ಕೀಲು ಬಾತು ಬಿಸಿಯಾದರೆ ಡಾಕ್ಟರಿಗೆ ತೋರಿಸಿ. ಭುಜದ ಜೊತೆ ಎದೆಯೂ ನೋಯುತ್ತಿದ್ದರೆ ಇದ್ದ ಹಾಗೇ ಆಸ್ಪತ್ರೆಗೆ ಹೋಗಿ.

ಚಹಾ ಆದ ಮೇಲೆ ಹಿಂದಿನ ಮೇಜಿಗೆ ಬನ್ನಿ. ಆರು ದಿಂಬು, ಮೊಣಕೈ ಅಳತೆಗೆ ಕತ್ತರಿಸಿದ ದಾರ, ಬಲೂನಿನ ಚೂರು ಇಟ್ಟಿದ್ದೇನೆ. ಆ ದಾರದ ಡಬ್ಬಿಯನ್ನೂ ವಾಪಸು ತಂದಿದ್ದೇನೆ. ಅಕ್ಕ ಮೂರನೇ ಸಾಲಿನಲ್ಲೇ ಕೂತಿದ್ದಾರೆ. ಅಕ್ಕಾರ, ಮೊದಲನೇ ದಿಂಬು ನಿಮ್ಮದು, ಬರ್ರಿ.